ಅರ್ಧ ಕ್ಷೌರದ ಮ್ಯಾಗ್ನೋಲಿಯಾ

ನನ್ನ ಗಂಡ ಮರಕ್ಕೂ ಕ್ಷೌರ ಮಾಡುವ ಮನುಷ್ಯ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮನೆಯ ಮುಂಭಾಗ ಸಲೂನು, ನಡುವೆ ನಾವು ಇರುವ ಕೋಣೆಗಳು, ಹಿಂದೆ ಒಂದು ತೋಟ. ತೋಟ ಎಂದರೆ ಅಂಥದ್ದೇನಲ್ಲ, ಸಲೂನಿನ ಟವೆಲ್ಲು ಒಣಗಿಸಲು ತಂತಿ ಕಟ್ಟಿದ ಮೇಲೆ ಉಳಿದಷ್ಟು ಜಾಗ. ಅದರ ನಟ್ಟನಡುವೆ ಒಂದು ಮ್ಯಾಗ್ನೋಲಿಯಾ ಮರ. ಪ್ರತಿ ಚಳಿಗಾಲ ಎಲೆಯೆಲ್ಲ ಉದುರಿದ ಮೇಲೆ ಇವರು ಏಣಿ ಹಾಕಿಕೊಂಡು ಹತ್ತಿ, ಗಿರಾಕಿಯ ತಲೆಯ ಸುತ್ತ ಸುತ್ತುವ ಹಾಗೆಯೇ ಅದರ ಸುತ್ತ ಸುತ್ತಿ, ಎಲ್ಲ ಕೊಂಬೆಗಳ ತುದಿಯನ್ನೂ ಒಂದೇ ಸಮಕ್ಕೆ ಕತ್ತರಿಸುತ್ತಿದ್ದರು. ಕೆಳಗಿಳಿದು, ದೂರ ನಿಂತು, ತಲೆ ವಾಲಿಸಿ ನೋಡಿ, ಮತ್ತೆ ಹತ್ತುತ್ತಿದ್ದರು. ಮರಕ್ಕೆ ಕನ್ನಡಿ ಹಿಡಿದು ಹಿಂದಲೆ ತೋರಿಸುವುದೊಂದು ಬಾಕಿ ಇತ್ತು.

ಸಸಿ ಕೊಟ್ಟವಳು ನಾದಿನಿ. ದೂರದ ಊರಿನಲ್ಲಿ ಸಸಿ ಬೆಳೆಸಿ ಮಾರುವ ಕಡೆ ಅವಳಿಗೆ ಕೆಲಸ. ಇದು ನಮ್ಮ ಸಂಪಿಗೆಯ ದಾಯಾದಿ, ಕಸಿ ಮಾಡಿದ್ದು, ಹೂವಿಗೆ ಹೆಚ್ಚು ಕಾಯಬೇಕಾಗಿಲ್ಲ ಎಂದು ಹೇಳಿ ನೆಟ್ಟು ಹೋದಳು. ಮರ ಬೆಳೆಯಿತು, ಗೋಡೆ ದಾಟಿತು, ಹೂವಿನ ಸುಳಿವಿಲ್ಲ. ಪ್ರತಿ ವರ್ಷ ಅವಳು ಫೋನಿನಲ್ಲಿ ಕೇಳುವುದು, ಇವರು ಇಲ್ಲ ಎನ್ನುವುದು. ಬುಡ ಕೆದಕಬೇಡ, ಒಣಗಿದ ಎಲೆ ಹೊದಿಸು, ಬೇಸಿಗೆಯಲ್ಲಿ ನೀರು ತಪ್ಪಿಸಬೇಡ ಎಂದು ಅವಳು ಹೇಳಿದ್ದನ್ನೆಲ್ಲ ಇವರು ಚಾಚೂ ತಪ್ಪದೆ ಮಾಡಿದರು. ಕ್ಷೌರದ ವಿಷಯ ಮಾತ್ರ ಇವರು ಹೇಳಲಿಲ್ಲ, ಅವಳಿಗೆ ಕೇಳಲು ತೋಚಲಿಲ್ಲ. ತುದಿ ಕತ್ತರಿಸಿದರೆ ದಟ್ಟವಾಗಿ ಬೆಳೆಯುತ್ತದೆ ಎನ್ನುವುದು ಇವರ ಮಟ್ಟಿಗೆ ಬಾಯಿಬಿಟ್ಟು ಹೇಳಬೇಕಾದ ಸಂಗತಿಯೇ ಅಲ್ಲ. ಕೂದಲು ತೆಳ್ಳಗಾಯಿತು ಎಂದು ಗೋಳಾಡುವ ಗಿರಾಕಿಗಳಿಗೆಲ್ಲ ಇದೇ ಮಾತು ಹೇಳಿಕೊಂಡು ಬಂದಿದ್ದಾರೆ. ಅವರಲ್ಲಿ ಅರ್ಧ ಜನ ಈಗ ಬೋಳು, ಅದು ಬೇರೆ ವಿಚಾರ.

ಚಳಿಗಾಲದಲ್ಲಿ ಆ ಮರದ ತುದಿಗಳಲ್ಲಿ ಬೂದು ಬಣ್ಣದ, ನವಿರಾದ ರೋಮವಿರುವ ಗುಬುಟುಗಳು ಮೂಡುತ್ತಿದ್ದವು. ಮುಟ್ಟಿದರೆ ಬೆಕ್ಕಿನಮರಿಯ ಪಾದದ ಹಾಗೆ. ಇವರಿಗೆ ಅವನ್ನು ಕಂಡರಾಗುತ್ತಿರಲಿಲ್ಲ. ಮುದುಕರ ಕಿವಿಯಲ್ಲಿ ಬೆಳೆಯುವ ಕೂದಲಿನ ಹಾಗಿದೆ ಎಂದು ಒಂದೂ ಬಿಡದೆ ಸವರಿಹಾಕುತ್ತಿದ್ದರು. ನಾನು ಗುಡಿಸಿ ಬುಡಕ್ಕೇ ಹಾಕುತ್ತಿದ್ದೆ.

ಈ ಸಲದ ಚಳಿಗಾಲದಲ್ಲಿ ಎಂದಿನಂತೆ ಏಣಿ ಹತ್ತಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಎಡಗಡೆಯ ಅರ್ಧ ಮುಗಿಯುವ ಹೊತ್ತಿಗೆ ಕೆಳಗಿಳಿದು, ಕತ್ತರಿಯನ್ನು ಹುಲ್ಲಿನ ಮೇಲೆ ಬಿಟ್ಟು, ಒಳಗೆ ಬಂದು ಕೈ ತೊಳೆದುಕೊಂಡರು. ಚಳಿ ಜಾಸ್ತಿ, ಉಳಿದದ್ದು ನಾಳೆ ಎಂದರು. ಹೆಣ್ಣು ಕೊಟ್ಟ ಮಾವ ಸತ್ತ ಸುದ್ದಿ ಬಂದಾಗಲೂ ಕುರ್ಚಿಯಲ್ಲಿದ್ದವನ ತಲೆ ಮುಗಿಸಿಯೇ ಹೊರಟ ಮನುಷ್ಯ. ನನ್ನ ಅಪ್ಪನ ವಿಷಯ ಅದು, ಹಾಗಾಗಿ ಚೆನ್ನಾಗಿ ನೆನಪಿದೆ. ಅಂಥವರು ಅರ್ಧಕ್ಕೆ ಬಿಟ್ಟರೆಂದರೆ ನನಗೆ ನಂಬಿಕೆಯಾಗಲಿಲ್ಲ.

ಗುಡಿಸಲು ಹೋದಾಗ ಕೊಂಬೆಗಳನ್ನು ಹತ್ತಿರದಿಂದ ನೋಡಿದೆ. ಪ್ರತಿ ವರ್ಷ ದಾರ ಹಿಡಿದು ಕತ್ತರಿಸಿದ ಹಾಗಿರುತ್ತಿದ್ದ ಅಂಚು ಈ ಸಲ ಇಲಿ ಕಡಿದ ಹಾಗಿತ್ತು. ಒಂದೊಂದು ಕಡೆ ಕತ್ತರಿ ಎರಡು ಮೂರು ಸಲ ಬಿದ್ದಿದೆ. ಒಂದು ಕಡೆ ಕೊಂಬೆ ತುಂಡಾಗದೆ ತೊಗಟೆ ಉದ್ದಕ್ಕೆ ಸುಲಿದು ನೇತಾಡುತ್ತಿತ್ತು. ಕೊಂಬೆಯ ಮೇಲೆ ಹೀಗಾದರೆ ಗಂಟಲ ಮೇಲೆ ಹೇಗೆ ಎಂದು ಅನಿಸಿತು. ಒಮ್ಮೆ ಅನಿಸಿದ ಮೇಲೆ ಅದು ತಲೆಯಿಂದ ಇಳಿಯಲಿಲ್ಲ.

ಅಂದಿನಿಂದ ನಾನು ಗಂಡನ ಮೇಲೆ ಕಣ್ಣಿಟ್ಟೆ. ಕಣ್ಣಿಟ್ಟ ಮೇಲೆ ಕಾಣಿಸದೆ ಹೋದದ್ದೇ ಇಲ್ಲ. ಸಲೂನಿನಲ್ಲಿ ರೇಡಿಯೋ ಯಾಕೆ ಅಷ್ಟು ಜೋರಾಗಿ ಹಾಡುತ್ತಿದೆ ಎಂದರೆ, ಬಾಚಣಿಗೆ ಕತ್ತರಿಗೆ ಟಿಕಟಿಕ ಬಡಿಯುವುದು ಕೇಳಬಾರದೆಂದು. ಕಾಫಿಯನ್ನು ಯಾಕೆ ಅಡುಗೆಮನೆಗೇ ಬಂದು ಗೋಡೆಗೆ ಮುಖ ಮಾಡಿ ಕುಡಿಯುತ್ತಾರೆಂದರೆ, ಲೋಟ ಎರಡೂ ಕೈಯಲ್ಲಿ ಹಿಡಿದದ್ದು ಯಾರಿಗೂ ಕಾಣಬಾರದೆಂದು. ಕ್ಷೌರದ ಕತ್ತಿ ಹಿಡಿದಾಗ ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಊರುತ್ತಿದ್ದರು. ಊರಿದ ಮೇಲೆ ಕೈ ಸ್ವಲ್ಪ ನಿಲ್ಲುತ್ತಿತ್ತು. ರಕ್ತ ನಿಲ್ಲಿಸಲು ಉಜ್ಜುವ ಪಟಿಕದ ಕಲ್ಲು ವರ್ಷಗಟ್ಟಲೆ ಹಾಗೆಯೇ ಇರುತ್ತಿದ್ದದ್ದು ಈಗ ಸವೆದು ಸೋಪಿನ ಚೂರಿನಂತಾಗಿತ್ತು. ಟವೆಲ್ಲು ಒಗೆಯುವವಳು ನಾನು. ಬಕೆಟ್ಟಿಗೆ ಹಾಕುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡತೊಡಗಿದೆ. ಸಾಸಿವೆ ಕಾಳಿನಷ್ಟು ಚುಕ್ಕಿ ಕಂಡರೂ ಆ ದಿನ ಯಾರು ಯಾರು ಬಂದಿದ್ದರು, ಅವರ ಮುಖ ಹೇಗಿತ್ತು ಎಂದು ಕೂತು ಯೋಚಿಸುತ್ತಿದ್ದೆ.

ಇವರನ್ನು ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಭಯ. ಈ ಕೈ ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ, ಅದಕ್ಕಿಂತ ಹೆಚ್ಚಾಗಿ ಈ ಕೈ ಬಿಟ್ಟರೆ ಇವರಿಗೆ ತಾವು ಯಾರೆಂದೇ ಗೊತ್ತಿರುವುದಿಲ್ಲ. ಮೊದಲಿನಿಂದಲೂ ಡಾಕ್ಟರ ಹೆಸರೆತ್ತಿದರೆ, ಕಾಯಿಲೆಗೊಂದು ಹೆಸರಿಟ್ಟು ಕಳಿಸುತ್ತಾರೆ, ನಾಮಕರಣ ಮಾಡಿಸಿಕೊಳ್ಳಲು ನಾನೇನು ಕೂಸೇ ಎನ್ನುತ್ತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನಾನು ನನ್ನದೇ ದಾರಿ ಹಿಡಿದೆ. ಗಡ್ಡದವರು ಬಂದರೆ ಬಾಗಿಲಲ್ಲೇ ತಡೆದು, ಬಿಸಿನೀರಿಲ್ಲ ಎಂದೆ. ಕತ್ತಿ ಮಸೆಯುವ ತೊಗಲಿನ ಪಟ್ಟಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಇವರು ಹೊಸದು ತಂದರು. ಬ್ಯಾಟರಿ ಮೆಷಿನ್ನು ತನ್ನಿ, ಈಗ ಎಲ್ಲರೂ ಅದನ್ನೇ ಕೇಳುತ್ತಾರೆ ಎಂದೆ. ಅದು ಕುರಿ ಬೋಳಿಸುವವರಿಗೆ ಎಂದರು.

ತಡೆಯಲಾಗದ ಗಿರಾಕಿ ಒಬ್ಬರೇ, ಮೇಷ್ಟ್ರು. ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಪಾಠದ ದನಿ ಹೋಗಿಲ್ಲ. ದಿನ ಬಿಟ್ಟು ದಿನ ಬೆಳಿಗ್ಗೆ ಬಂದು, ಕೋಟು ಕಳಚಿ, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಬಿಡುತ್ತಾರೆ. ಬಿಸಿನೀರಿಲ್ಲ ಎಂದರೆ ತಣ್ಣೀರಾದರೂ ಸರಿ ಎನ್ನುತ್ತಾರೆ. ಅವರ ಕತ್ತಿನ ಚರ್ಮ ಇಳಿಬಿದ್ದಿದೆ, ಗಂಟಲ ಪಕ್ಕದಲ್ಲಿ ಕಡಲೆಕಾಳಿನಷ್ಟು ಉಬ್ಬಿದ ಮಚ್ಚೆ. ಕತ್ತಿ ಅದನ್ನು ಬಳಸಿಕೊಂಡು ಹೋಗಬೇಕು. ಅವರು ಬಂದ ದಿನ ನಾನು ಟವೆಲ್ಲು ಮಡಿಸುವ ನೆಪದಲ್ಲಿ ಸಲೂನಿನ ಮೂಲೆಯಲ್ಲೇ ನಿಲ್ಲುತ್ತಿದ್ದೆ. ಕತ್ತಿ ಮಚ್ಚೆಯ ಹತ್ತಿರ ಬಂದಾಗ ನಾನು ಉಸಿರು ಹಿಡಿಯುತ್ತಿದ್ದೆ. ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಏನಮ್ಮ, ಈಚೆಗೆ ಗಂಡನನ್ನು ಬಿಟ್ಟಿರಲಾಗುವುದಿಲ್ಲವೇ ಎಂದು ಮೇಷ್ಟ್ರು ಒಮ್ಮೆ ಕೀಟಲೆ ಮಾಡಿದರು. ನಾನು ನಕ್ಕೆ. ನಗು ಎಲ್ಲಿಂದ ಬಂತೋ ನನಗೇ ತಿಳಿಯದು.

ಇಷ್ಟರಲ್ಲಿ ಚಳಿ ಕಡಿಮೆಯಾಯಿತು. ಒಂದು ಬೆಳಿಗ್ಗೆ ಟವೆಲ್ಲು ಹರವಲು ಹೋದವಳು ತಲೆಯೆತ್ತಿ ನೋಡಿದೆ. ಇವರು ಕತ್ತರಿಸದೆ ಬಿಟ್ಟ ಬಲಗಡೆಯ ಅರ್ಧದಲ್ಲಿ ಆ ರೋಮದ ಗುಬುಟುಗಳು ಊದಿಕೊಂಡಿದ್ದವು. ಒಂದು ಗುಬುಟು ಬಿರಿದು ಒಳಗಿನಿಂದ ಗುಲಾಬಿ ಬಣ್ಣ ಇಣುಕುತ್ತಿತ್ತು. ಎಡಗಡೆ ಏನೂ ಇಲ್ಲ, ಬೋಳು. ನಾನು ಟವೆಲ್ಲು ಹಿಡಿದುಕೊಂಡೇ ನಿಂತುಬಿಟ್ಟೆ. ಅಷ್ಟು ವರ್ಷ ನಾನು ಗುಡಿಸಿ ಬುಡಕ್ಕೆ ಹಾಕಿದ್ದು ಹೂವನ್ನು. ಇವರು ಸವರಿದ್ದು ಹೂವನ್ನು. ನಮ್ಮ ಮರಕ್ಕೆ ಯಾವ ರೋಗವೂ ಇರಲಿಲ್ಲ, ಅದಕ್ಕೆ ಬಂದಿದ್ದ ರೋಗವೆಂದರೆ ನಾವೇ.

ಸಂತೋಷಪಡಬೇಕಿತ್ತು. ಬದಲಿಗೆ ಗೋಡೆಯಾಚೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದೆ. ಇನ್ನೊಂದು ವಾರಕ್ಕೆ ಆ ಅರ್ಧ ಪೂರ್ತಿ ಅರಳುತ್ತದೆ. ಎಲೆ ಕೂಡ ಇಲ್ಲದ ಮರ, ಗೋಡೆಯಾಚೆಯ ಬೀದಿಗೂ ಕಾಣುತ್ತದೆ. ಒಂದು ಕಡೆ ಹೂವಿನ ಗೊಂಚಲು, ಇನ್ನೊಂದು ಕಡೆ ಬೋಳು, ನಡುವೆ ಬೈತಲೆ ತೆಗೆದ ಹಾಗೆ ಗೆರೆ. ನೋಡಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ಕೇಳುತ್ತಾರೆ, ಈ ಕಡೆ ಯಾಕೆ ಕತ್ತರಿಸಲಿಲ್ಲ ಎಂದು. ಇವರ ಕೈ ಎಲ್ಲಿ ಸೋತಿತೋ ಆ ಜಾಗವನ್ನು ಮರ ಊರಿಗೆಲ್ಲ ಬೆರಳಿಟ್ಟು ತೋರಿಸುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಇನ್ನೂ ಯಾರೂ ಕೇಳುವ ಮೊದಲೇ ನನಗೆ ಬೆವರು.

ಒಳಗೆ ಹೋಗಿ ಕತ್ತರಿ ತಂದೆ. ಇವರದ್ದಲ್ಲ, ಅಡುಗೆಮನೆಯದ್ದು. ಏಣಿ ಹಾಕಿದರೆ ಸದ್ದಾಗುತ್ತದೆಂದು ಸ್ಟೂಲು ಹತ್ತಿ ಕೈಗೆಟುಕಿದ ಕೊಂಬೆಯನ್ನು ಬಗ್ಗಿಸಿ ಒಂದು ಮೊಗ್ಗು ಕತ್ತರಿಸಿದೆ. ಅದು ಅಂಗೈಯಲ್ಲಿ ಬೆಚ್ಚಗಿದೆಯೇನೋ ಎನಿಸಿತು. ಇನ್ನೊಂದಕ್ಕೆ ಕತ್ತರಿ ಇಟ್ಟೆ, ಕತ್ತರಿಸಿದೆ. ಎಲ್ಲವನ್ನೂ ಮುಗಿಸಿಬಿಡುವುದು, ಈ ಮರ ಹೂ ಬಿಡದ ಮರವಾಗಿಯೇ ಇರಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಮೊಗ್ಗು ಕತ್ತರಿ ಎರಡೂ ಏಪ್ರನ್ನಿನ ಜೇಬಿಗೆ ಸೇರಿದವು.

ಇವರು ನನ್ನನ್ನು ನೋಡಲೇ ಇಲ್ಲ. ಮೇಲೆ ನೋಡುತ್ತಿದ್ದರು. ಬರಿಗಾಲಿನಲ್ಲಿ ಒದ್ದೆ ಹುಲ್ಲಿನ ಮೇಲೆ ಬಂದು, ಮರದ ಕೆಳಗೆ ನಿಂತು, ಬಾಯಿ ತೆರೆದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

"ಬಂತಲ್ಲೇ."

ಆ ಮುಖ ನೋಡಿ ನನಗೆ ಅಳು ಬಂತು. ಕೊಂಬೆ ಮುಟ್ಟಲು ಕೈಯೆತ್ತಿದರು, ಕೈ ನಡುಗಿತು, ತಕ್ಷಣ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡರು. ಈ ವರ್ಷ ಈ ಕಡೆ, ಬರುವ ವರ್ಷ ಆ ಕಡೆ ಬಿಡುತ್ತದೋ ಏನೋ ಎಂದು ತಮಗೆ ತಾವೇ ಹೇಳಿಕೊಂಡರು. ಹೂವಿಗೂ ಕತ್ತರಿಗೂ ಇರುವ ನಂಟು ಇವರಿಗೆ ಹೊಳೆದಿರಲಿಲ್ಲ. ಆವತ್ತೇ ತಂಗಿಗೆ ಫೋನ್ ಮಾಡಿ, ಬಂದು ನೋಡಿ ಹೋಗು ಎಂದರು. ನಾನು ಬೇಡ ಎನ್ನಲು ಏನು ಕಾರಣ ಕೊಡಲಿ?

ಅವಳು ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಮರ ದಿನದಿಂದ ದಿನಕ್ಕೆ ನಿರ್ಲಜ್ಜವಾಗಿ ಅರಳಿತು. ಅಂಗೈಯಗಲದ ಹೂಗಳು, ಹೊರಗೆ ಗುಲಾಬಿ, ಒಳಗೆ ಹಾಲು ಬಿಳುಪು. ಬೀದಿಯವರು ನಿಂತು ನೋಡಿದರು. ಎದುರುಮನೆಯ ಬಡಗಿ, ಏನಣ್ಣ, ಇದರ ಅರ್ಧ ಕ್ಷೌರಕ್ಕೆ ಅರ್ಧ ದುಡ್ಡೇ ಎಂದು ಕೇಳಿದ. ಇವರು ನಕ್ಕರು. ನಾನು ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ದಿನಾ ಮನಸ್ಸಿನಲ್ಲೇ ಹೇಳಿಕೊಂಡೆ: ಆ ದಿನ ಇವರಿಗೆ ಜ್ವರ ಬಂದಿತ್ತು.

ನಾದಿನಿ ಬಂದಿಳಿದದ್ದು ಮೇಷ್ಟ್ರ ದಿನವೇ. ಕುರ್ಚಿಯಲ್ಲಿ ಮೇಷ್ಟ್ರು, ಕೆನ್ನೆ ಗದ್ದ ಕತ್ತೆಲ್ಲ ನೊರೆ, ಕಣ್ಣು ಮುಚ್ಚಿದೆ. ಇವರು ಕತ್ತಿ ಬಿಡಿಸಿ ಪಟ್ಟಿಯ ಮೇಲೆ ಮಸೆಯುತ್ತಿದ್ದರು. ಅವಳು ಚೀಲ ಕೆಳಗಿಟ್ಟವಳೇ ಸಲೂನು ಹಾಯ್ದು ನೇರ ತೋಟಕ್ಕೆ ಹೋದಳು. ನಡುವಿನ ಬಾಗಿಲೂ ಹಿಂಬಾಗಿಲೂ ತೆರೆದೇ ಇದ್ದವು. ಅವಳು ಮರದ ಸುತ್ತ ಒಂದು ಸುತ್ತು ಬಂದದ್ದು, ಎಡಗಡೆಯ ಕೊಂಬೆ ಬಗ್ಗಿಸಿ ನೋಡಿದ್ದು, ಹಣೆ ಚಚ್ಚಿಕೊಂಡದ್ದು ಎಲ್ಲ ಕನ್ನಡಿಯಲ್ಲಿ ಕಾಣುತ್ತಿತ್ತು. ಒಳಗೆ ಬಂದಾಗ ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಅಣ್ಣ, ಪ್ರತಿ ವರ್ಷ ತುದಿ ಕತ್ತರಿಸ್ತಿದ್ಯಾ? ಇದು ಬೇಸಿಗೆ ಮುಗಿಯೋ ಹೊತ್ತಿಗೇ ಮೊಗ್ಗು ಕಟ್ಟಿಟ್ಕೊಳತ್ತೆ, ಅದೂ ತುದೀಲೇ. ಚಳಿಗಾಲದಲ್ಲಿ ನೀನು ಕತ್ತರಿಸಿದ್ದೆಲ್ಲ ಹೂವೇ."

ಇವರು ಕತ್ತಿ ಹಿಡಿದ ಕೈಯನ್ನು ಹಾಗೇ ಇಳಿಸಿದರು. ಮುಖದಲ್ಲಿ ಒಂದೊಂದಾಗಿ ಚಳಿಗಾಲಗಳು ಹಾದುಹೋಗುವುದು ನನಗೆ ಕಂಡಿತು. ಮೇಷ್ಟ್ರು ಕಣ್ಣು ತೆರೆಯದೆಯೇ ನಕ್ಕರು, ನೊರೆ ಅಲ್ಲಾಡಿತು. ಹಿತ್ತಲ ಗಿಡಕ್ಕೆ ನೀನೇ ರೋಗವಾದೆಯಲ್ಲಯ್ಯ ಎಂದರು. ಆಮೇಲೆ, ನಾನು ಇಷ್ಟು ದಿನ ಯಾರ ಬಾಯಿಂದ ಬರುತ್ತದೋ ಎಂದು ಕಾದಿದ್ದ ಪ್ರಶ್ನೆ ಅವರ ಬಾಯಿಂದಲೇ ಬಂತು. ಹಾಗಾದರೆ ಈ ಸಲ ಅರ್ಧ ಯಾಕೆ ಬಿಟ್ಟೆ?

"ಅವತ್ತು ಇವರಿಗೆ ಜ್ವರ ಬಂದಿತ್ತು," ಎಂದೆ ನಾನು. ಎಷ್ಟು ಬೇಗ ಹೇಳಿದೆನೆಂದರೆ ನಾದಿನಿ ತಿರುಗಿ ನನ್ನನ್ನೇ ನೋಡಿದಳು.

ಇವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನಾನು ಟವೆಲ್ಲು ಬಿಚ್ಚುತ್ತ ಮಡಿಸುತ್ತ ಇದ್ದೆ. ಆ ಟವೆಲ್ಲನ್ನೂ ನೋಡಿದರು. ಆಮೇಲೆ ಕತ್ತಿಯನ್ನು ಮಡಚಿ ಮೇಜಿನ ಮೇಲಿಟ್ಟು, ರೇಡಿಯೋ ಆರಿಸಿದರು.

"ಜ್ವರ ಅಲ್ಲ ಮೇಷ್ಟ್ರೇ. ಕೈ ನಡುಗ್ತಿತ್ತು. ಮುಂದೆ ಕತ್ತರಿಸೋಕೆ ಆಗ್ಲಿಲ್ಲ. ಈಗ್ಲೂ ನಡುಗ್ತಿದೆ."

ಎಂದು ಹೇಳಿ ಬಲಗೈಯನ್ನು ಮೇಷ್ಟ್ರ ಮುಖದ ಮುಂದೆ ಚಾಚಿದರು. ಅದು ನಡುಗುತ್ತಿತ್ತು, ಮರೆಮಾಚದೆ, ಊರುವುದಕ್ಕೆ ಕೆನ್ನೆಯಿಲ್ಲದೆ, ಗಾಳಿಯಲ್ಲಿ ಒಂದೇ ಸಮನೆ. ಮೇಷ್ಟ್ರು ಕಣ್ಣು ತೆರೆದು ನೋಡಿದರು. ಅವರ ಕೈ ತಾನಾಗಿಯೇ ಗಂಟಲಿಗೆ, ಆ ಮಚ್ಚೆಯ ಹತ್ತಿರಕ್ಕೆ ಹೋಯಿತು. ಬೆರಳಿಗೆ ನೊರೆ ಅಂಟಿತು. ಅವರು ಏನೂ ಕೆಟ್ಟದ್ದು ಆಡಲಿಲ್ಲ. ತಮ್ಮದೇ ಕರವಸ್ತ್ರದಿಂದ ಮುಖವನ್ನೆಲ್ಲ ಒರೆಸಿಕೊಂಡು, ಕೋಟು ತೊಟ್ಟು, ಡಾಕ್ಟರಿಗೆ ತೋರಿಸಪ್ಪ ಎಂದು ಇವರ ಭುಜ ತಟ್ಟಿ ಹೊರಟುಹೋದರು. ಕಿವಿಯ ಹಿಂದೆ ಸ್ವಲ್ಪ ನೊರೆ ಉಳಿದಿತ್ತು. ನನಗೆ ಅವರ ಮೇಲೆ ಉರಿಯುವಷ್ಟು ಸಿಟ್ಟು ಬಂತು. ಅಷ್ಟು ವರ್ಷದ ನಂಬಿಕೆ ಒಂದು ಕರವಸ್ತ್ರದಲ್ಲಿ ಒರೆಸಿಹೋಯಿತೇ ಎನಿಸಿತು. ಆದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಅವರಿಗಿಂತ ಬೇಗ ಏಳುತ್ತಿದ್ದೆ. ಅದೂ ನನಗೆ ಗೊತ್ತಿತ್ತು, ಅದಕ್ಕೇ ಸಿಟ್ಟು.

ನಾದಿನಿಯ ನಗು ಯಾವಾಗಲೋ ನಿಂತಿತ್ತು. ಅಣ್ಣನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಳ್ಳಲು ಬಂದಳು. ಇವರು ಬಿಡಿಸಿಕೊಂಡು, ಒಳಗೆ ಹೋಗಿ ಏನಾದರೂ ಕುಡಿ, ದೂರದಿಂದ ಬಂದಿದ್ದೀಯ ಎಂದರು. ಅವಳು ನನ್ನ ಕಡೆ ನೋಡಿ, ಚೀಲ ಎತ್ತಿಕೊಂಡು ಒಳಗೆ ಹೋದಳು.

"ನಿನಗೆ ಗೊತ್ತಿತ್ತು," ಎಂದರು ಇವರು.

"ಟವೆಲ್ ಒಗೆಯೋಳು ನಾನಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಇವರು ಹೋಗಿ ಬೀದಿಬಾಗಿಲ ಚಿಲಕ ಹಾಕಿ ಬಂದರು. ಅಂಗಡಿ ಮುಚ್ಚಿಯೇಬಿಟ್ಟರು ಎಂದುಕೊಂಡೆ. ಆದರೆ ಇವರು ಮೇಷ್ಟ್ರು ಎದ್ದುಹೋದ ಕುರ್ಚಿಯಲ್ಲಿ ತಾವೇ ಕೂತರು. ಇಷ್ಟು ವರ್ಷದ ಸಂಸಾರದಲ್ಲಿ ಆ ಕುರ್ಚಿಯಲ್ಲಿ ಇವರು ಕೂತದ್ದನ್ನು ನಾನು ನೋಡಿರಲಿಲ್ಲ. ಬೆಳಕಿನಲ್ಲಿ ಇವರ ಮುಖ ಸರಿಯಾಗಿ ಕಂಡಿತು. ಗದ್ದದ ಕೆಳಗೆ ಅಲ್ಲಲ್ಲಿ ಬಿಟ್ಟುಹೋದ ಬಿಳಿ ಕೂದಲು, ಅಲ್ಲಲ್ಲಿ ಒಣಗಿದ ಗಾಯ. ತಮ್ಮ ಮುಖದ ಮೇಲೆ ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿಕೊಂಡು, ಆಮೇಲೆ ಬೇರೆಯವರನ್ನು ಮುಟ್ಟುತ್ತಿದ್ದರೆಂದು ಆಗ ತಿಳಿಯಿತು.

"ನೊರೆ ಹಚ್ಚು," ಎಂದರು. "ಕತ್ತಿ ತಗೋ."

ನನಗೆ ಬರುವುದಿಲ್ಲ ಎಂದೆ. ತರಕಾರಿ ಸಿಪ್ಪೆ ತೆಗೆಯುವುದಷ್ಟೇ ನನ್ನ ವಿದ್ಯೆ ಎಂದೆ. ನಿಮ್ಮ ತಂಗಿಯನ್ನು ಕರೆಯುತ್ತೇನೆ, ಕಸಿ ಮಾಡುವವಳು, ಅವಳ ಕೈ ನೆಟ್ಟಗಿದೆ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಇವರು ಕೇಳಿಸಿಕೊಂಡು, ಕತ್ತನ್ನು ಹಿಂದಕ್ಕೆ ಒರಗಿಸಿದರು.

"ಇಷ್ಟು ದಿನ ಮೂಲೆಯಲ್ಲಿ ನಿಂತು ನನ್ನ ಕತ್ತೀನೇ ನೋಡ್ತಿದ್ದೆ. ಎಲ್ಲಿ ತಿರುಗಿಸ್ಬೇಕು, ಎಲ್ಲಿ ನಿಧಾನ ಮಾಡ್ಬೇಕು, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನ ಕೈ ನಂಬ್ಕೊಂಡು ಈ ಬಾಗಿಲು ನಾಳೆ ತೆಗೀಬೇಕೋ ಬೇಡ್ವೋ, ಇವತ್ತೇ ಗೊತ್ತಾಗ್ಲಿ."

ಬ್ರಷ್ಷು ಒದ್ದೆ ಮಾಡಿ ನೊರೆ ಹಚ್ಚಿದೆ. ಕತ್ತಿ ಬಿಡಿಸಿದೆ. ಅದು ನಾನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಎಡಗೈಯ ಹೆಬ್ಬೆರಳಿನಿಂದ ಕೆನ್ನೆಯ ಚರ್ಮ ಎಳೆದು ಹಿಡಿದು, ಕಿವಿಯ ಹತ್ತಿರದಿಂದ ಕೆಳಕ್ಕೆ ಒಮ್ಮೆ ಎಳೆದೆ. ಸರ್ರ್ ಎಂಬ ಸದ್ದು ಬಂತು. ನೊರೆ ಬಂತು, ರಕ್ತ ಬರಲಿಲ್ಲ. ಉಸಿರು ಬಿಡು, ಹಿಡ್ಕೋಬೇಡ ಎಂದರು ಇವರು ತುಟಿ ಅಲ್ಲಾಡಿಸದೆ. ಇನ್ನೊಂದು ಎಳೆದೆ. ಕೆನ್ನೆ ಮುಗಿಯಿತು, ಗದ್ದದ ಅಂಚಿಗೆ ಬಂದೆ. ಅಲ್ಲಿ ನಿಂತುಬಿಟ್ಟೆ. ಅಲ್ಲಿಂದ ಕೆಳಗೆ ಗಂಟಲು, ಅದರ ಪಕ್ಕದಲ್ಲಿ ನಾಡಿ ಹೊಡೆದುಕೊಳ್ಳುವುದು ಬರಿಗಣ್ಣಿಗೇ ಕಾಣುತ್ತಿತ್ತು.

ಈಗ ನಡುಗುತ್ತಿದ್ದದ್ದು ನನ್ನ ಕೈ. ಇವರ ಕೈಗಳೂ ಕುರ್ಚಿಯ ತೋಳುಗಳ ಮೇಲೆ ನಡುಗುತ್ತಿದ್ದವು, ಅವನ್ನು ಇವರು ಅಡಗಿಸಲಿಲ್ಲ. ನನ್ನಿಂದಾಗುವುದಿಲ್ಲ, ಇಲ್ಲಿಗೆ ಸಾಕು ಎಂದೆ. ಇವರು ಕಣ್ಣು ಮುಚ್ಚಿಕೊಂಡು, ಗದ್ದವನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದರು.